ವಿಡಿಯೊ ಗೇಮ್: ಚಿತ್ರ ನೈಜವಾದಷ್ಟೂ ಆಟದ ಸೊಗಸು ಹೆಚ್ಚುವುದೇ?

ನರಗುಂದ: ಮಲಪ್ರಭಾ ಕಾಲುವೆಯ ನೀರನ್ನೂ ಮುಂಗಾರು, ಹಿಂಗಾರುಗಳನ್ನೂ ನೆಚ್ಚಿಕೊಂಡಿರುವ ಈ ಎರೆಭೂಮಿಯ ಸೀಮೆಯಲ್ಲಿ ಟ್ರ್ಯಾಕ್ಟರ್ ದುಡಿಮೆಯ ಯಂತ್ರ. ಅದರ ಬೆನ್ನಿಗೆ ಬ್ಯಾಂಕಿನ ಕಂತು, ಡೀಸೆಲ್ ವೆಚ್ಚ, ಹಂಗಾಮಿನ ಆತಂಕ ಎಲ್ಲವೂ ಇರುತ್ತವೆ. ಅದೇ ಟ್ರ್ಯಾಕ್ಟರ್ ಕಂಪ್ಯೂಟರ್ ಪರದೆಯ ಮೇಲೆ ಮೂಡಿದಾಗ ಜಗತ್ತಿನ ಲಕ್ಷಾಂತರ ಜನರಿಗೆ ಬಿಡುವಿನ ವೇಳೆಯ ಆಟವಾಗುತ್ತದೆ. ಗಾಲಿಗೆ ಮೆತ್ತಿದ ಮಣ್ಣು, ಹಿಂದೆ ಏಳುವ ಧೂಳು, ಸಂಜೆಯ ಬಿಸಿಲಿಗೆ ಹೊಳೆಯುವ ಬಣ್ಣ ಎಲ್ಲವೂ ಕಣ್ಣಿಗೆ ಕಟ್ಟಿದಂತೆ ಕಾಣುತ್ತವೆ. ಹಾಗಾದರೆ ಆಟದ ಸಂತೋಷ ಹುಟ್ಟುವುದು ಈ ನೈಜ ಚಿತ್ರಣದಿಂದಲೇ? ಚಿತ್ರ ಸ್ಪಷ್ಟವಾದಷ್ಟೂ, ಆಟಗಾರ ಅದರೊಳಗೆ ಮುಳುಗಿದಷ್ಟೂ ರಂಜನೆ ಹೆಚ್ಚುವುದೇ?

ವಿಡಿಯೊ ಗೇಮ್ ಉದ್ಯಮ ಹುಟ್ಟಿದಂದಿನಿಂದಲೂ ಕೇಳಿಬರುತ್ತಿರುವ ಪ್ರಶ್ನೆ ಇದು. ಹೊಸ ಫೋನ್ ಕೊಡಿಸೆಂದು ಹಟ ಹಿಡಿಯುವ ಮಗನೂ, ಅದರ ಬೆಲೆ ಕೇಳಿ ಯೋಚನೆಗೆ ಬೀಳುವ ತಂದೆಯೂ ತಮಗರಿವಿಲ್ಲದೆಯೇ ಎದುರಿಸುವ ಪ್ರಶ್ನೆಯೂ ಹೌದು. ಐದು ದಶಕಗಳ ಆಟಗಳ ಇತಿಹಾಸ ಇದಕ್ಕೆ ನೀಡುವ ಉತ್ತರ ಇಷ್ಟು: ನೈಜ ಚಿತ್ರಣ ಮೊದಲ ನೋಟಕ್ಕೆ ಸೆಳೆಯುತ್ತದೆ, ಆಟಗಾರನನ್ನು ಹಿಡಿದು ನಿಲ್ಲಿಸುವುದು ಆಟದ ನಿಯಮ, ಸವಾಲು ಮತ್ತು ಕಲ್ಪನೆ.

ನೈಜತೆ ಮತ್ತು ತಲ್ಲೀನತೆ

ಗ್ರಾಫಿಕ್ಸ್ ಎಂದರೆ ಪರದೆಯ ಮೇಲೆ ಮೂಡುವ ಚಿತ್ರಣ. ಮೂರು ಆಯಾಮದ ಆಟಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ವಸ್ತುವನ್ನೂ ಸಾವಿರಾರು ಸಣ್ಣ ತ್ರಿಕೋನಗಳನ್ನು ಜೋಡಿಸಿ ಕಟ್ಟಲಾಗುತ್ತದೆ. ಅದರ ಮೇಲೆ ಮರ, ಕಲ್ಲು, ಬಟ್ಟೆ, ಚರ್ಮದ ಮೇಲ್ಮೈಯನ್ನು ಹೊದಿಸಲಾಗುತ್ತದೆ. ಬಳಿಕ ಬೆಳಕು ಎಲ್ಲಿಂದ ಬಿದ್ದು ನೆರಳು ಎತ್ತ ಚಾಚಬೇಕೆಂಬ ಲೆಕ್ಕ ನಡೆಯುತ್ತದೆ. ಈ ಲೆಕ್ಕ ಪ್ರತಿ ಸೆಕೆಂಡಿಗೆ ಹಲವು ಬಾರಿ ಮುಗಿಯಬೇಕು. 2018ರಲ್ಲಿ ಎನ್‌ವಿಡಿಯಾ ಸಂಸ್ಥೆ ಹೊರತಂದ ಆರ್‌ಟಿಎಕ್ಸ್ ಶ್ರೇಣಿಯ ಗ್ರಾಫಿಕ್ಸ್ ಕಾರ್ಡ್‌ಗಳು ಬೆಳಕಿನ ಕಿರಣಗಳ ಹಾದಿಯನ್ನೇ ಲೆಕ್ಕಹಾಕುವ ವಿಧಾನವನ್ನು ಮನೆಯ ಕಂಪ್ಯೂಟರ್‌ಗಳಿಗೂ ತಂದವು. ಅಂದಿನಿಂದ ಚಿತ್ರಣದ ನೈಜತೆ ಇನ್ನಷ್ಟು ಹೆಚ್ಚಿದೆ.

ತಲ್ಲೀನತೆ ಬೇರೆಯೇ ಸಂಗತಿ. ಸುತ್ತಲಿನ ಪರಿವೆ ಮರೆತು ಆಟದಲ್ಲಿ ಮನಸ್ಸು ನೆಟ್ಟುಹೋಗುವ ಸ್ಥಿತಿ ಅದು. ಫಿನ್ಲೆಂಡಿನ ಸಂಶೋಧಕರಾದ ಲಾರಾ ಎರ್ಮಿ ಹಾಗೂ ಫ್ರಾನ್ಸ್ ಮೈರಾ ಅವರು ಆಟವಾಡುವ ಮಕ್ಕಳನ್ನೂ ಅವರ ಪಾಲಕರನ್ನೂ ಮಾತನಾಡಿಸಿ, 2005ರಲ್ಲಿ ತಲ್ಲೀನತೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ಕಣ್ಣು, ಕಿವಿಗಳನ್ನು ತುಂಬುವ ಚಿತ್ರ ಮತ್ತು ಧ್ವನಿಯಿಂದ ಬರುವುದು ಇಂದ್ರಿಯ ತಲ್ಲೀನತೆ. ಕೈಚಳಕಕ್ಕೂ ಬುದ್ಧಿಗೂ ಎದುರಾಗುವ ಪರೀಕ್ಷೆಯಿಂದ ಬರುವುದು ಸವಾಲಿನ ತಲ್ಲೀನತೆ. ಕಥೆ ಮತ್ತು ಪಾತ್ರಗಳೊಡನೆ ಮನಸ್ಸು ಬೆರೆಯುವುದರಿಂದ ಬರುವುದು ಕಲ್ಪನೆಯ ತಲ್ಲೀನತೆ. ಗ್ರಾಫಿಕ್ಸ್ ನೇರವಾಗಿ ಪೋಷಿಸುವುದು ಇವುಗಳಲ್ಲಿ ಮೊದಲನೆಯದನ್ನು ಮಾತ್ರ.

ಉಳಿದೆರಡಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ರಚಿಸಿದ ಭಾರತವನ್ನು ಗಮಕಿಗಳು ವಾಚಿಸುವಾಗ ಕೇಳುಗರ ಮುಂದೆ ಯಾವ ಚಿತ್ರವೂ ಇರುವುದಿಲ್ಲ. ಆದರೂ ಸಭಾಪರ್ವದ ಪಗಡೆಯಾಟದಲ್ಲಿ ದಾಳ ಉರುಳುವಾಗ ಕೇಳುಗನ ಎದೆ ಬಡಿದುಕೊಳ್ಳುತ್ತದೆ.

ಹೊಲದ ಎರಡು ಆಟಗಳು

ಬೇಸಾಯವನ್ನೇ ವಸ್ತುವಾಗಿಸಿಕೊಂಡ ಎರಡು ಜನಪ್ರಿಯ ಆಟಗಳನ್ನು ಹೋಲಿಸಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಸ್ವಿಟ್ಜರ್ಲೆಂಡಿನ ಜೈಂಟ್ಸ್ ಸಾಫ್ಟ್‌ವೇರ್ ಸಂಸ್ಥೆಯ 'ಫಾರ್ಮಿಂಗ್ ಸಿಮ್ಯುಲೇಟರ್' ಮೊದಲ ಬಾರಿ ಬಂದದ್ದು 2008ರಲ್ಲಿ. ನಿಜವಾದ ಕಂಪನಿಗಳ ಟ್ರ್ಯಾಕ್ಟರ್, ಕೊಯ್ಲು ಯಂತ್ರಗಳು ಇದರಲ್ಲಿ ಯಥಾವತ್ತಾಗಿ ಕಾಣಿಸಿಕೊಳ್ಳುತ್ತವೆ. 2018ರ ಆವೃತ್ತಿಯಲ್ಲಿ ಜಾನ್ ಡಿಯರ್ ಯಂತ್ರಗಳೂ ಸೇರಿದವು. ಉಳುವುದು, ಬಿತ್ತುವುದು, ಕೊಯ್ಯುವುದು, ಮಾರುವುದು, ಬಂದ ಹಣದಲ್ಲಿ ಸಾಲ ತೀರಿಸುವುದು ಇದರ ಆಟ.

ಇನ್ನೊಂದು 2016ರಲ್ಲಿ ಬಿಡುಗಡೆಯಾದ 'ಸ್ಟಾರ್‌ಡ್ಯೂ ವ್ಯಾಲಿ'. ಅಮೆರಿಕದ ಎರಿಕ್ ಬರೋನ್ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಒಬ್ಬರೇ ಕುಳಿತು ಇದನ್ನು ರೂಪಿಸಿದರು. ಚಿತ್ರ, ಸಂಗೀತ, ಕಥೆ ಎಲ್ಲವೂ ಅವರದೇ. ಇಲ್ಲಿನ ಹೊಲವೂ ಹಸುವೂ ಚೌಕಳಿ ಚುಕ್ಕಿಗಳಿಂದಾದವು. ಸಮೀಪದಿಂದ ನೋಡಿದರೆ ಕಸೂತಿ ಬಟ್ಟೆಯಂತೆ ಕಾಣುತ್ತವೆ. 2024ರ ಅಂತ್ಯದ ವೇಳೆಗೆ ಈ ಆಟದ 4 ಕೋಟಿಗೂ ಅಧಿಕ ಪ್ರತಿಗಳು ಮಾರಾಟವಾಗಿದ್ದವು. ಬೆಳಿಗ್ಗೆ ಎದ್ದು ಗಿಡಗಳಿಗೆ ನೀರುಣಿಸಿ, ಊರವರೊಡನೆ ಮಾತನಾಡಿ, ಕತ್ತಲಾಗುವುದರೊಳಗೆ ಇನ್ನೊಂದು ಕೆಲಸ ಮುಗಿಸಬೇಕೆಂಬ ತವಕವೇ ಇದರ ಜೀವಾಳ.

ಎರಡರಲ್ಲಿ ಹೆಚ್ಚು ನೈಜವಾದುದು ಯಾವುದು? ಯಂತ್ರದ ಮಟ್ಟಿಗೆ ನಿಸ್ಸಂಶಯವಾಗಿ ಮೊದಲನೆಯದು. ನೆರೆಹೊರೆಯ ಹಂಗು, ದಿನ ಸಾಲದೆ ಹೋಗುವ ಒತ್ತಡ, ಋತು ಬದಲಾದರೆ ಪೈರು ಕೈಬಿಡುವ ಭಯ ಇವೆಲ್ಲ ಎರಡನೆಯದರಲ್ಲಿ ಹೆಚ್ಚು ನಿಜವೆನಿಸುತ್ತವೆ. ಆದರೆ ಎರಡೂ ಆಟಗಳು ಬದುಕಿನ ಬಹುಭಾಗವನ್ನು ಹೊರಗಿಟ್ಟಿವೆ. ಟ್ರ್ಯಾಕ್ಟರ್ ಆಟದಲ್ಲಿ ಗಡಿಯಾರವನ್ನು ವೇಗವಾಗಿ ಓಡಿಸಿ ತಿಂಗಳುಗಳನ್ನು ಕ್ಷಣಗಳಾಗಿ ಮಾಡಬಹುದು. ಚುಕ್ಕಿ ಚಿತ್ರದ ಆಟದಲ್ಲಿ ಬಿತ್ತಿದ ಕೆಲವೇ ದಿನಗಳಿಗೆ ಫಸಲು ಕೈಗೆ ಬರುತ್ತದೆ.

ಬೇಸಾಯದ ನೀರಿನ ಕರ ಹಾಗೂ ಅಭಿವೃದ್ಧಿ ತೆರಿಗೆಯ ವಿರುದ್ಧ 1980ರ ಜುಲೈ 21ರಂದು ಬಂಡೆದ್ದು ಗೋಲಿಬಾರ್ ಕಂಡ ಊರು ನರಗುಂದ. ಮಹದಾಯಿ ನೀರಿಗಾಗಿ 2015ರಲ್ಲಿ ಮತ್ತೆ ಧರಣಿ ಕುಳಿತ ಊರೂ ಇದೇ. ಇಲ್ಲಿನ ರೈತನ ಪಾಲಿಗೆ ಬೇಸಾಯದ ನಿಜವಾದ ಅನುಭವವೆಂದರೆ ಕಾಯುವುದು. ಕಾಯುವುದನ್ನು ಯಥಾವತ್ತಾಗಿ ತೋರಿಸುವ ಆಟವನ್ನು ಯಾರೂ ಆಡಲಾರರು. ಆದ್ದರಿಂದ ಆಟದಲ್ಲಿನ ನೈಜತೆ ಎಂದರೆ ಎಲ್ಲವನ್ನೂ ತರುವುದಲ್ಲ, ಆಯ್ದುಕೊಳ್ಳುವುದು. ಯಾವುದನ್ನು ಆಯ್ದು ಯಾವುದನ್ನು ಬಿಡಬೇಕೆಂಬ ವಿವೇಕದಲ್ಲಿಯೇ ಆಟದ ಸೊಗಸು ಅಡಗಿದೆ.

ಬಣ್ಣವಿಲ್ಲದೆ ಗೆದ್ದ ಆಟಗಳು

1972ರಲ್ಲಿ ಅಟಾರಿ ಸಂಸ್ಥೆ ಹೊರತಂದ 'ಪಾಂಗ್' ಆಟದಲ್ಲಿ ಇದ್ದುದು ಎರಡು ಗೆರೆ ಮತ್ತು ಒಂದು ಚುಕ್ಕೆ. ಗೆರೆ ಬ್ಯಾಟ್ ಆಗಿತ್ತು, ಚುಕ್ಕೆ ಚೆಂಡಾಗಿತ್ತು. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿತ್ನೋವ್ 'ಟೆಟ್ರಿಸ್' ರೂಪಿಸಿದಾಗ ಅವರ ಬಳಿಯಿದ್ದ ಕಂಪ್ಯೂಟರಿಗೆ ಚಿತ್ರ ಬಿಡಿಸುವ ಸಾಮರ್ಥ್ಯವೇ ಇರಲಿಲ್ಲ. ಕೀಲಿಮಣೆಯ ಆವರಣ ಚಿಹ್ನೆಗಳನ್ನೇ ಜೋಡಿಸಿ ಬೀಳುವ ಇಟ್ಟಿಗೆಗಳನ್ನು ಮೂಡಿಸಲಾಯಿತು. ಲೋಕದ ಯಾವ ವಸ್ತುವನ್ನೂ ಹೋಲದ ಆ ಆಟ ಇಂದಿಗೂ ಜೀವಂತವಾಗಿದೆ.

1989ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಅಂಗೈಯಲ್ಲಿ ಹಿಡಿದು ಆಡುವ 'ಗೇಮ್ ಬಾಯ್' ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಪರದೆ ಹಸಿರು ಮಿಶ್ರಿತ ನಾಲ್ಕು ಛಾಯೆಗಳಿಗೆ ಸೀಮಿತವಾಗಿತ್ತು. ಮರುವರ್ಷ ಬಂದ ಸೆಗಾ ಸಂಸ್ಥೆಯ 'ಗೇಮ್ ಗಿಯರ್' ಬಣ್ಣದ ಪರದೆ ಹೊಂದಿತ್ತು. ಆದರೆ ಆರು ಸೆಲ್‌ಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿಬಿಡುತ್ತಿತ್ತು. ಗೇಮ್ ಬಾಯ್ ನಾಲ್ಕು ಸೆಲ್‌ಗಳಲ್ಲಿ ಅದರ ಹಲವು ಪಟ್ಟು ಹೊತ್ತು ನಡೆಯುತ್ತಿತ್ತು. ಗೇಮ್ ಬಾಯ್ ಮತ್ತು ಅದರ ಮುಂದಿನ ಬಣ್ಣದ ರೂಪ ಸೇರಿ ಸುಮಾರು 11 ಕೋಟಿ 86 ಲಕ್ಷ ಮಾರಾಟವಾದರೆ, ಗೇಮ್ ಗಿಯರ್ ಸುಮಾರು 1 ಕೋಟಿಗೆ ನಿಂತಿತು.

2006ರಲ್ಲಿ ಇದೇ ಕಥೆ ಮರುಕಳಿಸಿತು. ಸೋನಿಯ ಪ್ಲೇಸ್ಟೇಷನ್ 3 ಅತ್ಯುತ್ತಮ ಚಿತ್ರಣದ ಭರವಸೆಯೊಡನೆ ಬಂದರೆ, ನಿಂಟೆಂಡೊದ 'ವೀ' ಯಂತ್ರ ಹೈ ಡೆಫಿನಿಷನ್ ಚಿತ್ರವನ್ನೂ ತೋರಿಸಲಾರದಾಗಿತ್ತು. ಅದರ ವಿಶೇಷವೆಂದರೆ ಕೈಯಲ್ಲಿ ಹಿಡಿದ ರಿಮೋಟನ್ನೇ ಟೆನಿಸ್ ಬ್ಯಾಟಿನಂತೆ ಬೀಸಿ ಆಡಬಹುದಾಗಿತ್ತು. ಮನೆಯ ಹಿರಿಯರೂ ಆಟಕ್ಕೆ ಇಳಿದರು. ವೀ 10 ಕೋಟಿ ದಾಟಿತು. ಪ್ಲೇಸ್ಟೇಷನ್ 3 ಸುಮಾರು 8 ಕೋಟಿ 70 ಲಕ್ಷಕ್ಕೆ ಮುಟ್ಟಿತು. 2011ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ 'ಮೈನ್‌ಕ್ರಾಫ್ಟ್' ಆಟದಲ್ಲಿ ಮರ, ಗುಡ್ಡ, ಕುರಿ ಎಲ್ಲವೂ ಚೌಕಾಕಾರದ ಗಟ್ಟಿಗಳೇ. 2023ರ ವೇಳೆಗೆ ಅದರ ಮಾರಾಟ 30 ಕೋಟಿ ಪ್ರತಿಗಳನ್ನು ದಾಟಿತ್ತು.

ನೈಜತೆಯೇ ರಂಜನೆಯಾದಾಗ

ಹಾಗೆಂದು ನೈಜ ಚಿತ್ರಣವನ್ನು ಬರಿಯ ಆಡಂಬರವೆಂದು ತಳ್ಳಿಹಾಕುವುದು ಸರಿಯಾಗದು. 1993ರ 'ಮಿಸ್ಟ್' ಆಟ ನಿರ್ಜನ ದ್ವೀಪವೊಂದರ ಸುಂದರ ಚಿತ್ರಗಳಿಂದಲೇ ಜನರನ್ನು ಮರುಳುಗೊಳಿಸಿತು. 2002ರವರೆಗೆ ಅತಿ ಹೆಚ್ಚು ಮಾರಾಟವಾದ ಕಂಪ್ಯೂಟರ್ ಆಟವೆಂಬ ಹೆಗ್ಗಳಿಕೆ ಅದರದಾಗಿತ್ತು. 2020ರ 'ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್' ಉಪಗ್ರಹ ಚಿತ್ರಗಳನ್ನು ಬಳಸಿ ಇಡೀ ಭೂಮಂಡಲವನ್ನೇ ಆಟದ ಮೈದಾನವನ್ನಾಗಿಸಿತು. ತನ್ನ ಊರಿನ ಮೇಲೆ ವಿಮಾನ ಹಾರಿಸಿ ಗುಡ್ಡ, ಕೆರೆಗಳನ್ನು ಗುರುತಿಸುವುದೇ ಅಲ್ಲಿನ ಸುಖ. ಕಾರು ಓಟದ ಆಟಗಳಲ್ಲಿಯೂ ವಾಹನ ನಿಜವಾದುದರಂತೆ ಕಾಣದಿದ್ದರೆ ಆಟವೇ ಸಪ್ಪೆ. ಇಂತಹ ಕಡೆ ನೈಜತೆ ಆಟದ ಅಲಂಕಾರವಾಗಿರದೆ ಅದರ ವಸ್ತುವೇ ಆಗಿರುತ್ತದೆ.

ಈ ನೈಜತೆಯ ಹಿಂದೆ ಕರ್ನಾಟಕದ ದುಡಿಮೆಯೂ ಇದೆ. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಗೇಮ್ ಸಂಸ್ಥೆಗಳಲ್ಲೊಂದು. 'ಫೋರ್ಜಾ' ಕಾರು ಓಟದ ಸರಣಿ ಸೇರಿದಂತೆ ಹಲವು ವಿದೇಶಿ ಆಟಗಳಿಗೆ ಇಲ್ಲಿನ ಕಲಾವಿದರು ಚಿತ್ರಕಾರ್ಯ ಮಾಡಿಕೊಟ್ಟರು. 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಯ ಪಾಲಾದ ಧ್ರುವ, 2019ರಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೊ' ಖ್ಯಾತಿಯ ರಾಕ್‌ಸ್ಟಾರ್ ಸಂಸ್ಥೆಯ ತೆಕ್ಕೆಗೆ ಸೇರಿ ಅದರ ಬೆಂಗಳೂರು ಘಟಕದಲ್ಲಿ ವಿಲೀನವಾಯಿತು. ರಾಜ್ಯ ಸರ್ಕಾರವೂ 2012ರಲ್ಲಿಯೇ ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ರೂಪಿಸಿತು. ಹೀಗೆ ವಿದೇಶದ ಆಟಗಾರ ಮೆಚ್ಚುವ ಕಾರಿನ ಹೊಳಪಿನಲ್ಲಿ ಬೆಂಗಳೂರಿನ ಕಲಾವಿದರ ಕೈವಾಡವಿದೆ.

ಮೊಬೈಲ್ ಕಲಿಸಿದ ಪಾಠ

ಗ್ರಾಮೀಣ ಭಾರತಕ್ಕೆ ವಿಡಿಯೊ ಗೇಮ್ ವ್ಯಾಪಕವಾಗಿ ತಲುಪಿದ್ದು ಮೊಬೈಲ್ ಮೂಲಕ. 2018ರಲ್ಲಿ ಬಂದ 'ಪಬ್‌ಜಿ ಮೊಬೈಲ್' ನೈಜ ಚಿತ್ರಣದಿಂದ ಯುವಕರನ್ನು ಸೆಳೆಯಿತು. ಆದರೆ ಅಗ್ಗದ ಫೋನ್‌ಗಳಲ್ಲಿ ಅದು ತಡವರಿಸುತ್ತಿತ್ತು. ಕಡಿಮೆ ಸಾಮರ್ಥ್ಯದ ಫೋನ್‌ಗಳಲ್ಲಿಯೂ ನಡೆಯುವಂತೆ ರೂಪಿಸಲಾದ 'ಫ್ರೀ ಫೈರ್' 2019ರಲ್ಲಿ ಜಗತ್ತಿನಲ್ಲಿಯೇ ಅತಿ ಹೆಚ್ಚು ಡೌನ್‌ಲೋಡ್ ಆದ ಮೊಬೈಲ್ ಆಟವಾಯಿತು. ಅದೇ ವರ್ಷ ಪಬ್‌ಜಿ ಕೂಡ ತನ್ನ ಹಗುರ ರೂಪವಾದ 'ಲೈಟ್' ಆವೃತ್ತಿಯನ್ನು ಭಾರತದಲ್ಲಿ ಬಿಡುಗಡೆ ಮಾಡಬೇಕಾಯಿತು. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿಯನ್ನೂ 2022ರ ಫೆಬ್ರುವರಿಯಲ್ಲಿ ಫ್ರೀ ಫೈರನ್ನೂ ನಿಷೇಧಿಸಿದ್ದು ದತ್ತಾಂಶ ಸುರಕ್ಷತೆಯ ಕಾರಣಕ್ಕೆ. ಚಿತ್ರಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಗಮನಾರ್ಹ ಸಂಗತಿ ಇನ್ನೊಂದಿದೆ. ಇಂತಹ ಆಟಗಳಲ್ಲಿ ಪಳಗಿದ ಆಟಗಾರರಲ್ಲಿ ಅನೇಕರು ಉತ್ತಮ ಫೋನ್ ಇದ್ದರೂ ಗ್ರಾಫಿಕ್ಸ್ ಮಟ್ಟವನ್ನು ತಾವಾಗಿಯೇ ತಗ್ಗಿಸಿಕೊಳ್ಳುತ್ತಾರೆ. ಸೆಕೆಂಡಿಗೆ 30 ಚಿತ್ರಗಳು ಮೂಡಿದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸುಮಾರು 33 ಮಿಲಿಸೆಕೆಂಡ್ ಅಂತರ. 60 ಮೂಡಿದರೆ ಆ ಅಂತರ ಸುಮಾರು 17ಕ್ಕೆ ಇಳಿಯುತ್ತದೆ. ಎದುರಾಳಿ ಬೇಗ ಕಾಣುತ್ತಾನೆ, ಬೆರಳಿಗೆ ಆಟ ಬೇಗ ಓಗೊಡುತ್ತದೆ. ನೆರಳು, ಹೊಳಪುಗಳ ಲೆಕ್ಕ ಕಡಿಮೆಯಾದಷ್ಟೂ ಈ ವೇಗ ಸುಲಭವಾಗಿ ಸಿಗುತ್ತದೆ, ಫೋನ್ ಬಿಸಿಯಾಗುವುದೂ ತಗ್ಗುತ್ತದೆ. ಆಟವನ್ನು ಆಳವಾಗಿ ಬಲ್ಲವರು ನೋಟದ ನೈಜತೆಗಿಂತ ಸ್ಪಂದನೆಯ ಚುರುಕನ್ನೇ ಆಯ್ದುಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಅತಿಯಾದ ನೈಜತೆಯ ಬೆಲೆ

ಜಪಾನಿನ ರೋಬೊ ತಜ್ಞ ಮಸಾಹಿರೊ ಮೋರಿ 1970ರಲ್ಲಿಯೇ ಒಂದು ಸೂಕ್ಷ್ಮವನ್ನು ಗುರುತಿಸಿದ್ದರು. ಬೊಂಬೆ ಮನುಷ್ಯನನ್ನು ಹೋಲಿದಷ್ಟೂ ಪ್ರಿಯವಾಗುತ್ತದೆ. ಆದರೆ ಬಹುಪಾಲು ಹೋಲಿ ಕೊಂಚ ಮಾತ್ರ ಭಿನ್ನವಾದಾಗ ನೋಡುವವರಲ್ಲಿ ಒಮ್ಮೆಲೇ ಅಸಹನೆ ಹುಟ್ಟುತ್ತದೆ. ಆಟಗಳ ಪಾತ್ರಗಳಿಗೂ ಇದು ಅನ್ವಯಿಸುತ್ತದೆ. ಮಕ್ಕಳು ಬರೆದ ಮನುಷ್ಯನ ಚಿತ್ರವನ್ನು ಯಾರೂ ತಪ್ಪೆನ್ನುವುದಿಲ್ಲ. ತೊಗಲಿನ ಸುಕ್ಕನ್ನೂ ತೋರಿಸುವ ಮುಖದಲ್ಲಿ ಕಣ್ಣು ಮಾತ್ರ ನಿರ್ಜೀವವಾಗಿದ್ದರೆ ಅದು ಕೂಡಲೇ ಚುಚ್ಚುತ್ತದೆ.

ವೆಚ್ಚವೂ ಸಾಮಾನ್ಯವಲ್ಲ. 2023ರಲ್ಲಿ ಅಮೆರಿಕದ ನ್ಯಾಯಾಲಯವೊಂದಕ್ಕೆ ಸಲ್ಲಿಕೆಯಾದ ಕಾಗದಪತ್ರಗಳಿಂದ, ಸೋನಿಯ 'ದಿ ಲಾಸ್ಟ್ ಆಫ್ ಅಸ್' ಎರಡನೆಯ ಭಾಗಕ್ಕೆ ಸುಮಾರು 22 ಕೋಟಿ ಡಾಲರ್ ವೆಚ್ಚವಾದುದು ಬಯಲಾಯಿತು. ಪೋಲೆಂಡಿನ ಸಿಡಿ ಪ್ರೊಜೆಕ್ಟ್ ಸಂಸ್ಥೆಯ ಬಹುನಿರೀಕ್ಷಿತ 'ಸೈಬರ್‌ಪಂಕ್ 2077' ಆಟ 2020ರ ಡಿಸೆಂಬರಿನಲ್ಲಿ ಬಿಡುಗಡೆಯಾದಾಗ ಹಳೆಯ ಯಂತ್ರಗಳಲ್ಲಿ ಮುಗ್ಗರಿಸಿತು. ಸೋನಿ ತನ್ನ ಅಂಗಡಿಯಿಂದ ಅದನ್ನು ತೆಗೆದುಹಾಕಿ, ಸುಮಾರು ಆರು ತಿಂಗಳ ಬಳಿಕವಷ್ಟೇ ಮರಳಿ ಸೇರಿಸಿತು.

ಕಣ್ಣಿಗೆ ಕಟ್ಟಿಕೊಳ್ಳುವ ವರ್ಚುವಲ್ ರಿಯಾಲಿಟಿ ಸಾಧನಗಳು ಇಂದ್ರಿಯ ತಲ್ಲೀನತೆಯ ತುತ್ತತುದಿ. ಕಣ್ಣು ಓಡುತ್ತಿದ್ದೇನೆ ಎನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಕುಳಿತಿದ್ದೇನೆ ಎನ್ನುತ್ತದೆ. ಈ ತಿಕ್ಕಾಟದಿಂದ ಅನೇಕರಿಗೆ ತಲೆಸುತ್ತು, ಓಕರಿಕೆ ಬರುವುದುಂಟು. ಈ ಸಾಧನಗಳಲ್ಲಿ ಅತ್ಯಂತ ಜನಪ್ರಿಯವಾದ ಆಟಗಳಲ್ಲೊಂದು 2018ರಲ್ಲಿ ಮೊದಲು ಕಾಣಿಸಿಕೊಂಡ 'ಬೀಟ್ ಸೇಬರ್'. ತಾಳಕ್ಕೆ ಸರಿಯಾಗಿ ತೇಲಿಬರುವ ಬಣ್ಣದ ಘನಗಳನ್ನು ಕತ್ತರಿಸುವುದಷ್ಟೇ ಅದರ ಆಟ. ನಿಂತಲ್ಲಿಯೇ ಆಡುವುದರಿಂದ ತಲೆಸುತ್ತಿನ ಕಾಟವೂ ಕಡಿಮೆ.

ನಾಡಿನ ಆಟಗಳ ಸಾಕ್ಷಿ

ಈ ನಾಡಿಗೆ ಇದು ಹೊಸ ಅರಿವೇನೂ ಅಲ್ಲ. ಕಟ್ಟೆಯ ಕಲ್ಲಿನ ಮೇಲೆ ಗೆರೆ ಎಳೆದು ಆಡುವ ಹುಲಿ-ಕುರಿ ಆಟದಲ್ಲಿ ಹುಲಿಗೆ ಪಟ್ಟೆಯಿಲ್ಲ, ಕುರಿಗೆ ಉಣ್ಣೆಯಿಲ್ಲ. ಒಂದು ಬಗೆಯ ಹರಳು ಹುಲಿ, ಇನ್ನೊಂದು ಬಗೆಯದು ಕುರಿ. ಕೆಲವೇ ಹುಲಿಗಳನ್ನು ಹಲವು ಕುರಿಗಳು ಸೇರಿ ಕಟ್ಟಿಹಾಕುವ ಆ ಲೆಕ್ಕಾಚಾರದಲ್ಲಿ ಹಿರಿಯರು ಹೊತ್ತು ಮರೆಯುತ್ತಿದ್ದರು. ಹಂಪಿಯ ಕಲ್ಲುಹಾಸುಗಳಲ್ಲಿ ಇಂತಹ ಆಟದ ಮನೆಗಳನ್ನು ಇಂದಿಗೂ ಕಾಣಬಹುದು. ಪಗಡೆ, ಪಚ್ಚೀಸುಗಳ ಸಂತತಿಯಾದ ಲೂಡೊ, ಮುಂಬೈ ಮೂಲದ 'ಲೂಡೊ ಕಿಂಗ್' ರೂಪದಲ್ಲಿ 2016ರಲ್ಲಿ ಮೊಬೈಲಿಗೆ ಬಂದು, 2020ರ ಲಾಕ್‌ಡೌನ್ ಅವಧಿಯಲ್ಲಿ ಮನೆಮನೆಯ ಆಟವಾಯಿತು. ಅದರಲ್ಲಿ ಇರುವುದು ನಾಲ್ಕು ಬಣ್ಣ, ಒಂದು ದಾಳ.

ರಂಗಭೂಮಿಯೂ ಈ ಎರಡು ದಾರಿಗಳನ್ನು ಕಂಡಿದೆ. ಗುಬ್ಬಿ ವೀರಣ್ಣನವರ ಕಂಪನಿ 1934ರ 'ಕುರುಕ್ಷೇತ್ರ' ನಾಟಕದಲ್ಲಿ ಜೀವಂತ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಪ್ರೇಕ್ಷಕರನ್ನು ಬೆರಗುಗೊಳಿಸಿತು. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಅದೇ ಯುದ್ಧ ನಡೆಯುವುದು ಕುಣಿತ, ಮಾತು, ಮದ್ದಳೆಯ ಪೆಟ್ಟಿನಲ್ಲಿ. ಆನೆಯನ್ನು ಕಂಡ ಬೆರಗೂ ನಿಜ, ದೊಡ್ಡಾಟಕ್ಕೆ ಬೆಳಗಿನವರೆಗೆ ಕಣ್ಣು ಮುಚ್ಚದೆ ಕುಳಿತ ಜನರ ತಲ್ಲೀನತೆಯೂ ನಿಜ.

ಪಾಲಕರು ಅರಿಯಬೇಕಾದುದು

ತಲ್ಲೀನತೆಗೆ ಇನ್ನೊಂದು ಮುಖವಿದೆ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದಲ್ಲಿ ಸೇರಿಸಿದ್ದು, ಅದು 2022ರ ಜನವರಿಯಿಂದ ಜಾರಿಗೆ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ತಂತ್ರಜ್ಞಾನದ ಅತಿಬಳಕೆಗಾಗಿ 'ಶಟ್' ಹೆಸರಿನ ಚಿಕಿತ್ಸಾಲಯ ತೆರೆಯಿತು. ಚಿತ್ರ ಭೀಕರವಾಗಿ ನೈಜವಾಗಿದ್ದರೆ ಮಾತ್ರ ಅಪಾಯ, ಬೊಂಬೆಯಂತಿದ್ದರೆ ನಿರಪಾಯ ಎಂಬ ಎಣಿಕೆ ತಪ್ಪು. ಇನ್ನೊಂದೇ ಸುತ್ತು ಎಂದು ಎಳೆಯುವ ಬಹುಮಾನ, ದಿನವೂ ಬರದಿದ್ದರೆ ಕಳೆದುಕೊಳ್ಳುವ ಭಯ, ಗೆಳೆಯರ ಗುಂಪಿನ ಒತ್ತಡ ಇವೇ ಹಿಡಿತದ ಕೊಂಡಿಗಳು. ಇವು ಸರಳ ಬಣ್ಣದ ಆಟದಲ್ಲಿಯೂ ಇರಬಲ್ಲವು. ಆದ್ದರಿಂದ ಪಾಲಕರು ಪರದೆಯ ಚಿತ್ರವನ್ನಷ್ಟೇ ನೋಡದೆ, ಆಟ ನಿಲ್ಲಿಸಲು ಅವಕಾಶವಿದೆಯೇ, ಹಣ ಕೇಳುತ್ತದೆಯೇ, ಮಗು ನಿದ್ದೆ ಮತ್ತು ಓದನ್ನು ಕಳೆದುಕೊಳ್ಳುತ್ತಿದೆಯೇ ಎಂಬುದನ್ನು ಗಮನಿಸುವುದು ಲೇಸು. ಹಾಗೆಯೇ ದುಬಾರಿ ಫೋನ್ ಕೊಡಿಸಿದ ಮಾತ್ರಕ್ಕೆ ಆಟದ ಸುಖ ಇಮ್ಮಡಿಯಾಗದೆಂಬುದನ್ನು ಮಕ್ಕಳಿಗೂ ತಿಳಿಹೇಳಬಹುದು.

ನರಗುಂದದ ಕಥೆಗೆ ಆಟದ ರೂಪ

ಈ ಚರ್ಚೆಯಿಂದ ಕನ್ನಡದ ಯುವ ತಂತ್ರಜ್ಞರಿಗೆ ಸಿಗುವ ಭರವಸೆಯೂ ಒಂದಿದೆ. ನರಗುಂದದ ಅರಸ ಬಾಬಾಸಾಹೇಬ ಭಾವೆ ದತ್ತಕದ ಹಕ್ಕು ನಿರಾಕರಿಸಲ್ಪಟ್ಟು 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದರು. ಮೇ ತಿಂಗಳ ಕೊನೆಯಲ್ಲಿ ಸುರೇಬಾನದಲ್ಲಿ ರಾಜಕೀಯ ಏಜೆಂಟ್ ಮ್ಯಾನ್ಸನ್ ಹತನಾದ. ಕೆಲವೇ ದಿನಗಳಲ್ಲಿ ಕೋಟೆ ಬ್ರಿಟಿಷರ ವಶವಾಯಿತು. ಜೂನ್ ತಿಂಗಳಲ್ಲಿ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ಹೊತ್ತಿಗೆ ಮುಂಡರಗಿ ಭೀಮರಾವ್ ಕೊಪ್ಪಳ ಕೋಟೆಯಲ್ಲಿ ಹೋರಾಡಿ ಮಡಿದರು.

ಈ ಕಥೆಯನ್ನು ಆಟವಾಗಿಸಲು ಗುಡ್ಡದ ಪ್ರತಿ ಕಲ್ಲನ್ನೂ ಕೋಟಿಗಟ್ಟಲೆ ವೆಚ್ಚದಲ್ಲಿ ಮೂಡಿಸಬೇಕಾಗಿಲ್ಲ. ಒಂದು ನಕಾಶೆ, ಕೆಲವು ಗುರುತುಗಳು ಸಾಕು. ತೋಪುಗಳನ್ನು ಒಪ್ಪಿಸಬೇಕೇ, ಬಚ್ಚಿಡಬೇಕೇ? ನೆರೆಯ ಸಂಸ್ಥಾನಗಳು ಕೈಜೋಡಿಸುವವರೆಗೆ ಕಾಯಬೇಕೇ, ಈಗಲೇ ಏಳಬೇಕೇ? ಪತ್ರ ಒಯ್ಯುವ ದೂತ ಸಿಕ್ಕಿಬಿದ್ದರೆ ಗತಿಯೇನು? ಇಂತಹ ಆಯ್ಕೆಗಳ ಮುಂದೆ ಆಟಗಾರನನ್ನು ನಿಲ್ಲಿಸಿದರೆ ಅವನು 1858ರ ಬೇಸಿಗೆಯೊಳಗೆ ತಾನಾಗಿಯೇ ಇಳಿಯುತ್ತಾನೆ. ಹಣವಿದ್ದರೆ ಗುಡ್ಡವನ್ನೂ ಕೋಟೆಯನ್ನೂ ನೈಜವಾಗಿ ತೋರಿಸಲಿ. ಅದರಿಂದ ಆಟದ ಅಂದ ಹೆಚ್ಚೀತು. ಆದರೆ ಹಣ ಕೂಡಿಬರಲೆಂದು ಕಥೆ ಕಾಯಬೇಕಾಗಿಲ್ಲ.